ಗುರುತಿಲ್ಲದ ಸುದ್ದಿ ಹಿಡಿದ ಜಾಗ

"ನಿಮ್ ಪೆಟ್ಗೆ ನೆನ್ನೆ ಸಂಜೇನೂ ನಿಂತೋಯ್ತು ಕಣಮ್ಮಿ. ಅರ್ಧ ಜನ ಆಲು ಆಕಿದ್ರು, ಇನ್ನರ್ಧ ಜನ ಬಾಗ್ಲಲ್ಲೇ ನಿಂತಿದ್ರು. ಅವ್ರಿಗೆ ನಾನು ಏನಂತ ಯೋಳ್ಲಿ?"

ಫೋನಿನಲ್ಲಿ ಮಾತಾಡುತ್ತಿದ್ದವರು ಹಳ್ಳಿಮೈಸೂರು ಹೋಬಳಿಯ ಒಂದು ಊರಿನ ಮಹಿಳಾ ಹಾಲಿನ ಸಂಘದ ಸೆಕ್ರೆಟರಿ. ನಮ್ಮ ಕಡೆ ಹಾಲಿನ ಸಂಘಕ್ಕೆ ಡೈರಿ ಅಂತಲೇ ಹೆಸರು. ಪೆಟ್ಟಿಗೆ ಅಂದರೆ ಕಂಪ್ಯೂಟರು. ಅದರೊಳಗಿದ್ದ ಪ್ರೋಗ್ರಾಮು ನಮ್ಮದು. ತಕ್ಕಡಿಯ ಮೇಲೆ ಹಾಲಿಟ್ಟರೆ ತೂಕ ತಾನೇ ಕಂಪ್ಯೂಟರಿಗೆ ಬರಬೇಕು, ಫ್ಯಾಟ್ ನೋಡುವ ಯಂತ್ರದಿಂದ ಅಂಕಿ ಬರಬೇಕು, ಎರಡೂ ಸೇರಿ ಒಂದು ಚೀಟಿ ಅಚ್ಚಾಗಿ ಹಾಲು ತಂದವರ ಕೈಗೆ ಹೋಗಬೇಕು. ಬೆಳಗ್ಗೆ ಎಲ್ಲ ಸರಿಯಾಗಿ ನಡೆಯುತ್ತಿತ್ತಂತೆ. ಸಂಜೆ ಸಾಲು ನಡುವಿಗೆ ಬರುವ ಹೊತ್ತಿಗೆ ಕಂಪ್ಯೂಟರು ಮಂಕಾಗಿ, ಉಸಿರು ಬಿಡುತ್ತಾ ಬಿಡುತ್ತಾ, ಕೊನೆಗೆ ಕಲ್ಲಿನ ಹಾಗೆ ಕೂತುಬಿಡುತ್ತಿತ್ತಂತೆ.

"ಭಾನುವಾರ ಮೀಟಿಂಗ್ ಐತೆ. ಪೆಟ್ಗೆ ವಾಪಸ್ ಕಳ್ಸಿ, ಮೊದ್ಲಿನಂಗೆ ಕೈಯಲ್ಲೇ ಅಳೀರಿ ಅಂತಾವ್ರೆ. ನಂಗೂ ಸಾಕಾಯ್ತು" ಅಂತ ಅವರು ಫೋನು ಇಟ್ಟರು.

ಇದು ಎರಡು ಸಾವಿರದ ಇಸವಿ ದಾಟಿದ ಹೊಸತರ ಮಾತು. ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಮಹಡಿಯ ಮೇಲೆ ನಮ್ಮ ಸಣ್ಣ ಕಂಪನಿ ಇತ್ತು. ಅದಕ್ಕೆ ಮೊದಲು ನಾನು ಕಾಲೇಜೊಂದರಲ್ಲಿ ಫಿಸಿಕ್ಸ್ ಲ್ಯಾಬು ನೋಡಿಕೊಳ್ಳುವ ತಾತ್ಕಾಲಿಕ ಕೆಲಸದಲ್ಲಿದ್ದೆ. ಆ ಕೆಲಸ ಮುಗಿದ ಮೇಲೆ ಇಲ್ಲಿ ಟೆಸ್ಟಿಂಗಿಗೆ ಸೇರಿಕೊಂಡೆ. ಬೇರೆಯವರು ಬರೆದ ಪ್ರೋಗ್ರಾಮನ್ನು ನಡೆಸಿ ನೋಡಿ ಎಲ್ಲಿ ತಪ್ಪಿದೆ ಅಂತ ಹೇಳುವುದು ನನ್ನ ಕೆಲಸ. ಹೊಳೆನರಸೀಪುರದ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ.

ಹಾಲಿನ ಪ್ರೋಗ್ರಾಮನ್ನು ಬರೆದವರು ಅರಕಲಗೂಡಿನ ಒಬ್ಬ ಹುಡುಗ. ಹುಡುಗ ಅಂದೆ ಅಷ್ಟೇ, ನನ್ನದೇ ವಯಸ್ಸಿನವರು. ತೆಳ್ಳಗೆ, ಎತ್ತರಕ್ಕೆ, ಯಾವಾಗಲೂ ತೋಳು ಮಡಚಿದ ಅಂಗಿ. ಬಹಳ ಚುರುಕು. ತಾವು ಬರೆದದ್ದರಲ್ಲಿ ತಪ್ಪಿದೆ ಅಂದರೆ ಮಾತ್ರ ಕಿವಿ ಕೆಂಪಾಗುತ್ತಿತ್ತು. ಇನ್ನೊಬ್ಬರು ಕಂಪನಿಯ ಮಾಲೀಕರು. ಮೊದಲು ಯುಪಿಎಸ್ ರಿಪೇರಿ ಮಾಡಿಕೊಂಡಿದ್ದವರಾದ್ದರಿಂದ ಏನು ಕೆಟ್ಟರೂ ಅವರಿಗೆ ಅದು ಕರೆಂಟಿನದೇ ದೋಷ.

"ಆ ಊರಲ್ಲಿ ವೋಲ್ಟೇಜ್ ಏರಿಳಿತ ಜಾಸ್ತಿ ಕಣಮ್ಮ" ಅಂದರು ಮಾಲೀಕರು.

"ವೋಲ್ಟೇಜ್ ಆದರೆ ಬೆಳಗ್ಗೇನೂ ಕೆಡಬೇಕಿತ್ತಲ್ಲ ಸಾರ್? ದಿನಾ ಸಂಜೇನೇ ಯಾಕೆ?"

"ನಮ್ಮ ಆಫೀಸಲ್ಲಿ ಒಂದು ದಿನಾನೂ ನಿಂತಿಲ್ಲವಲ್ಲ. ನೀವೇ ಟೆಸ್ಟ್ ಮಾಡಿದ್ದೀರಿ" ಅಂದರು ಅರಕಲಗೂಡಿನವರು, ನನ್ನ ಕಡೆ ತಿರುಗಿ.

ಆ ಮಾತು ನಿಜವಾಗಿತ್ತು, ಅದಕ್ಕೇ ಚುಚ್ಚಿತು. ಆದರೆ ಚುಚ್ಚಿದ ಜಾಗದಲ್ಲೇ ಒಂದು ಕುತೂಹಲವೂ ಹುಟ್ಟಿತು. ಇಲ್ಲಿ ನಿಲ್ಲದ್ದು ಅಲ್ಲಿ ನಿಲ್ಲುತ್ತದೆ ಅಂದರೆ, ಇಲ್ಲಿ ಇಲ್ಲದ್ದು ಏನೋ ಅಲ್ಲಿದೆ. ಲ್ಯಾಬಿನಲ್ಲಿ ಮಕ್ಕಳಿಗೆ ನಾನೇ ಹೇಳಿಕೊಡುತ್ತಿದ್ದ ಪಾಠ ಅದು. ನಾಳೆ ನಾನೇ ಹೋಗಿ ನೋಡಿಕೊಂಡು ಬರುತ್ತೇನೆ ಅಂದೆ. ಮಾಲೀಕರು ಹೂಂ ಅಂದರು.

ಮಾರನೇ ದಿನ ಹಾಸನದ ಬಸ್ಸು ಹತ್ತದೆ ಹಳ್ಳಿಮೈಸೂರಿನ ಬಸ್ಸು ಹತ್ತಿದೆ. ಅಲ್ಲಿಂದ ಊರಿಗೆ ಟೆಂಪೋ. ನಾನು ಮುಟ್ಟುವಾಗ ಬೆಳಗಿನ ಹಾಲು ಮುಗಿದು, ಕ್ಯಾನುಗಳನ್ನು ಲಾರಿ ಒಯ್ದಾಗಿತ್ತು. ಸೆಕ್ರೆಟರಿಯವರು ಸೀರೆ ಎತ್ತಿ ಕಟ್ಟಿ, ಪೈಪು ಹಿಡಿದು ನೆಲ ತೊಳೆಯುತ್ತಿದ್ದರು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಒಂದೇ ಕೋಣೆ. ಮೂಲೆಯ ಮೇಜಿನ ಮೇಲೆ ಕಂಪ್ಯೂಟರು, ಅದರ ಹಣೆಗೆ ಅರಿಶಿನ ಕುಂಕುಮ, ಮೇಲೊಂದು ಬಟ್ಟೆ ಹೊದಿಕೆ. ಹೊದಿಕೆಯೊಳಗಿಂದ ಸಣ್ಣಗೆ ಗುಂಯ್ ಅನ್ನುವ ಸದ್ದು ಬರುತ್ತಿತ್ತು.

"ಇದನ್ನ ಆರಿಸೋದಿಲ್ವಾ ಅಕ್ಕಾ?"

"ಆರ್ಸುದ್ರೆ ಮತ್ತೆ ಅತ್ತಿಸೋಕೆ ಭಯ ಕಣಮ್ಮಿ. ಒಂದ್ಸಲ ಆರ್ಸಿದ್ದೆ. ತಿರ್ಗ ಅತ್ತಿಸ್ದಾಗ ನೀಲಿ ಬಣ್ಣ ಬಂದು, ಬರೀ ಇಂಗ್ಲೀಷು ಬಂದ್ಬುಡ್ತು. ಈಗ ಸಂಜೆ ನಿಂತೋದ್ರೆ ಮಾರ್ನೆ ದಿನ ಬೆಳಗ್ಗೆ ಪಟೇಲ್ರ ಮನೆ ಉಡ್ಗಿ ಬಂದು ಆರ್ಸಿ ಅತ್ತಿಸ್ಕೊಡ್ತಾಳೆ. ಮಿಕ್ಕಂತೆ ಬೆಳಗಿಂದ ಸಂಜೆಗಂಟ ಉರೀತಾನೇ ಇರ್ತದೆ."

ನಾನು ಹೊದಿಕೆ ತೆಗೆದು ಕುರ್ಚಿ ಎಳೆದುಕೊಂಡು ಕೂತೆ. ನಮ್ಮ ಆಫೀಸಿನಲ್ಲಿ ನಾವು ಪ್ರೋಗ್ರಾಮು ನಡೆಸುತ್ತಿದ್ದದ್ದು ಸ್ವಲ್ಪ ಸ್ವಲ್ಪ ಹೊತ್ತು. ನಡೆಸುವುದು, ನೋಡುವುದು, ಮುಚ್ಚುವುದು. ಇಡೀ ದಿನ ಬಿಟ್ಟು ನೋಡೋಣ ಅಂತ ಯಾರಿಗೂ ಹೊಳೆದಿರಲಿಲ್ಲ. ಮೆಮೊರಿ ಅಂದರೆ ಪ್ರೋಗ್ರಾಮುಗಳು ಕೆಲಸ ಮಾಡುವ ಜಾಗ, ಅದು ತುಂಬಿದರೆ ಕಂಪ್ಯೂಟರು ನಿಂತುಬಿಡುತ್ತದೆ. ಯಾವ ಪ್ರೋಗ್ರಾಮು ಎಷ್ಟು ಮೆಮೊರಿ ಹಿಡಿದುಕೊಂಡಿದೆ ಅಂತ ತೋರಿಸುವ ಒಂದು ಸಣ್ಣ ಕಿಟಕಿ ಕಂಪ್ಯೂಟರಿನಲ್ಲಿ ಇರುತ್ತದೆ. ಅದನ್ನು ತೆರೆದೆ. ನಮ್ಮ ಪ್ರೋಗ್ರಾಮಿನ ಹೆಸರಿನ ಎದುರಿಗಿದ್ದ ಅಂಕಿ ನೋಡಿದೆ. ನೋಡುತ್ತಿದ್ದ ಹಾಗೇ ಅದು ಬದಲಾಯಿತು. ಇನ್ನೊಂದು ಚೂರು ಮೇಲೆ ಹೋಯಿತು. ಮತ್ತೆ ಮೇಲೆ ಹೋಯಿತು.

ಕೋಣೆಯಲ್ಲಿ ಹಾಲಿರಲಿಲ್ಲ, ಜನವಿರಲಿಲ್ಲ. ತಕ್ಕಡಿಯ ಮೇಲೆ ಒಂದು ಹನಿ ನೀರೂ ಇರಲಿಲ್ಲ. ಆದರೂ ಅಂಕಿ ಏರುತ್ತಲೇ ಇತ್ತು. ಇಳಿಯುವ ಮಾತೇ ಇಲ್ಲ. ಇಷ್ಟು ದಿನ ಫೋನಿನಲ್ಲಿ ಬರೀ ದೂರು ಆಗಿದ್ದದ್ದು ಈಗ ಕಣ್ಣೆದುರು ಕಾಣುತ್ತಿತ್ತು.

"ಏನಾಯ್ತಮ್ಮಿ?" ಅಂದರು ಸೆಕ್ರೆಟರಿ.

"ಏನೋ ಸಿಕ್ತು ಅಕ್ಕಾ. ಒಂದು ನಿಮಿಷ ಇರಿ."

ಕಂಪ್ಯೂಟರಿನ ಬೆನ್ನಿಗೆ ಎರಡು ವೈರು ಸಿಕ್ಕಿಸಿದ್ದರು. ಒಂದು ಫ್ಯಾಟ್ ಯಂತ್ರದ್ದು, ಒಂದು ತಕ್ಕಡಿಯದು. ಮೊದಲು ಫ್ಯಾಟ್ ಯಂತ್ರದ ವೈರು ಕಿತ್ತೆ. ಅಂಕಿ ಏರುವುದು ನಿಲ್ಲಲಿಲ್ಲ. ಅದನ್ನು ಮತ್ತೆ ಸಿಕ್ಕಿಸಿ ತಕ್ಕಡಿಯ ವೈರು ಕಿತ್ತೆ. ಅಂಕಿ ನಿಂತಿತು. ಸ್ವಲ್ಪ ಹೊತ್ತು ಕಾದು ನೋಡಿದೆ, ಅಲ್ಲಾಡಲಿಲ್ಲ. ಮತ್ತೆ ಸಿಕ್ಕಿಸಿದೆ, ಏರತೊಡಗಿತು. ಕಿತ್ತೆ, ನಿಂತಿತು. ಪುಟ್ಟ ಮಗು ಲೈಟಿನ ಸ್ವಿಚ್ಚು ಆಡಿಸುವ ಹಾಗೆ ಎಷ್ಟು ಸಲ ಮಾಡಿದೆನೋ. ಸೆಕ್ರೆಟರಿಯವರು ಪೈಪು ಬಿಟ್ಟು ಬಂದು ನನ್ನ ಹಿಂದೆ ನಿಂತಿದ್ದರು.

"ಕೀಳ್ಬೇಡ ಕಣವ್ವ, ಇನ್ನೂ ಕೆಟ್ಟೋಯ್ತದೆ" ಅಂದರು. ನಾನು ನಕ್ಕೆ. ಅವರಿಗೆ ನಗು ಬರಲಿಲ್ಲ.

ತಕ್ಕಡಿಯನ್ನು ಬಗ್ಗಿ ನೋಡಿದೆ. ನಮ್ಮ ಆಫೀಸಿನಲ್ಲಿದ್ದ ತಕ್ಕಡಿಯ ಕಂಪನಿಯದೇ, ಆದರೆ ಹೊಸ ಮಾದರಿ. ಜೊತೆಗೆ ಬಂದ ಪುಸ್ತಿಕೆ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಓದಿದಾಗ ಗೊತ್ತಾಯಿತು, ಈ ತಕ್ಕಡಿ ತೂಕ ಇದ್ದಾಗ ಮಾತ್ರವಲ್ಲ, ಸುಮ್ಮನಿದ್ದಾಗಲೂ ಆಗಾಗ ವೈರಿನಲ್ಲಿ 'ನಾನಿದ್ದೀನಿ, ಸರಿಯಾಗಿದ್ದೀನಿ' ಅನ್ನುವ ಸುದ್ದಿ ಕಳಿಸುತ್ತಲೇ ಇರುತ್ತದೆ. ಹಳೆಯದು ಹಾಗೆ ಮಾಡುತ್ತಿರಲಿಲ್ಲ. ನಮ್ಮ ಪ್ರೋಗ್ರಾಮಿಗೆ ತೂಕದ ಸುದ್ದಿ ಗೊತ್ತು, ಫ್ಯಾಟಿನ ಸುದ್ದಿ ಗೊತ್ತು, ಚೀಟಿ ಅಚ್ಚಾಯಿತು ಅನ್ನುವ ಸುದ್ದಿ ಗೊತ್ತು. ಈ 'ನಾನಿದ್ದೀನಿ' ಯಾವ ಬಗೆಯದೋ ಅದಕ್ಕೆ ಗೊತ್ತಿರಲು ಸಾಧ್ಯವೇ ಇರಲಿಲ್ಲ.

ಅಲ್ಲಿಂದ ನೇರ ಹಾಸನಕ್ಕೆ ಹೋಗಬೇಕು ಅನ್ನಿಸಿತು, ಬಸ್ಸು ಸಿಗಲಿಲ್ಲ. ಮನೆಗೆ ಬಂದು, ಕಾಲು ತೊಳೆದವಳೇ, ಜಗುಲಿಯಲ್ಲಿ ಕೂತಿದ್ದ ಅಪ್ಪನಿಗೆ ಹೇಳತೊಡಗಿದೆ. ಅಪ್ಪ ಹೈಸ್ಕೂಲು ಮೇಷ್ಟ್ರಾಗಿದ್ದು ನಿವೃತ್ತರಾಗಿದ್ದರು. ಕಂಪ್ಯೂಟರು ಮುಟ್ಟಿದವರಲ್ಲ. ಯಂತ್ರದಿಂದ ಒಂದು ಸುದ್ದಿ ಬಂದ ಕೂಡಲೇ ಪ್ರೋಗ್ರಾಮು ಅದಕ್ಕೊಂದು ಚೂರು ಜಾಗ ಕೊಟ್ಟು ಕ್ಯೂನಲ್ಲಿ ಕೂರಿಸುತ್ತದೆ, ಸರದಿ ಬಂದಾಗ ಕರೆದು ಕೆಲಸ ಮುಗಿಸಿ ಆ ಜಾಗ ವಾಪಸು ಪಡೆಯುತ್ತದೆ, ಗುರುತಿಲ್ಲದ ಸುದ್ದಿ ಬಂದಾಗ ಜಾಗ ಕೊಡುತ್ತಿದೆ ಆದರೆ ವಾಪಸು ಪಡೆಯುತ್ತಿಲ್ಲ ಅಂತ ನನ್ನ ಅನುಮಾನ, ಅಂತ ಕೈ ಆಡಿಸಿ ಆಡಿಸಿ ಹೇಳಿದೆ.

"ಅಂದ್ರೆ ಊಟದ ಪಂಕ್ತೀಲಿ ಎಲೆ ಹಾಕ್ತಾ ಇದ್ದಾರೆ, ಎತ್ತೋರಿಲ್ಲ" ಅಂದರು ಅಪ್ಪ.

"ಅಷ್ಟೇ ಅಪ್ಪ."

"ಅದಕ್ಕೆ ಇಷ್ಟು ಸಂತೋಷವಾ ನಿಂಗೆ?"

ನಿಜ, ನನಗೆ ಸಂತೋಷವಾಗಿತ್ತು. ಊಟ ಸೇರದಷ್ಟು ಸಂತೋಷ.

ಬೆಳಗ್ಗೆ ಆಫೀಸಿನ ಮೆಟ್ಟಿಲನ್ನು ಓಡಿಕೊಂಡೇ ಹತ್ತಿದೆ. ಅರಕಲಗೂಡಿನವರು ಆಗತಾನೇ ಬಂದು ಬ್ಯಾಗು ಇಳಿಸುತ್ತಿದ್ದರು.

"ಗುರುತಿಲ್ಲದ ಟೈಪಿನ ಈವೆಂಟ್ ಬಂದರೆ ನೀವು ಏನು ಮಾಡ್ತೀರಿ?" ಅಂದೆ. ಒಳಗೆ ಬರುವ ಸುದ್ದಿಗೆ ಆಫೀಸಿನಲ್ಲಿ ನಾವು ಈವೆಂಟ್ ಅನ್ನುತ್ತಿದ್ದೆವು.

"ಏನೂ ಮಾಡಲ್ಲ. ನಮಗೆ ಬೇಡದ್ದು, ಬಿಟ್ಟುಬಿಡ್ತೀನಿ."

"ಬಿಡೋದು ಅಂದ್ರೆ? ಅದರ ಮೆಮೊರಿ ಫ್ರೀ ಮಾಡ್ತೀರಾ, ಜಾಗ ವಾಪಸು ತಗೋತೀರಾ?"

"ಎಲ್ಲದನ್ನೂ ಫ್ರೀ ಮಾಡೇ ಇದ್ದೀನಿ ಕಣ್ರೀ. ಬೇಕಾದ್ರೆ ನೋಡಿ" ಅಂತ ಕಂಪ್ಯೂಟರು ಹಾಕಿ, ತಾವು ಬರೆದದ್ದನ್ನು ತೆರೆದು ಬೆರಳಿಟ್ಟು ತೋರಿಸಿದರು. ತೂಕ ಬಂತಾ, ಕೆಲಸ ಮುಗಿಸಿ ಫ್ರೀ. ಫ್ಯಾಟ್ ಬಂತಾ, ಕೆಲಸ ಮುಗಿಸಿ ಫ್ರೀ. ಚೀಟಿ ಅಚ್ಚಾಯಿತಾ, ಫ್ರೀ. ಬೆರಳು ಕೆಳಗಿಳಿಯುತ್ತಾ ಹೋಯಿತು. ಕೊನೆಯ ಸಾಲು, 'ಬೇರೆ ಏನೇ ಬಂದರೂ'. ಅದರ ಮುಂದೆ ಏನೂ ಇರಲಿಲ್ಲ. ಬೆರಳು ಅಲ್ಲೇ ನಿಂತಿತು. ಕಿವಿ ನಿಧಾನವಾಗಿ ಕೆಂಪಾಯಿತು.

"ಥೂ" ಅಂದರು, ಮೆಲ್ಲಗೆ. ಆಮೇಲೆ, "ಇದೇ ಅಂತ ಗ್ಯಾರಂಟಿ ಏನು?"

ಕೇಳಬೇಕಾದ ಪ್ರಶ್ನೆಯೇ ಅದು. ಆ ಹೊಸ ತಕ್ಕಡಿ ನಮ್ಮ ಹತ್ತಿರ ಇರಲಿಲ್ಲ. ಆದ್ದರಿಂದ ನಾನೇ ಒಂದು ತಕ್ಕಡಿ ಮಾಡಿದೆ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಕಂಪ್ಯೂಟರನ್ನು ಒರೆಸಿ ತಂದು, ಅದರಿಂದ ಇದಕ್ಕೆ ಅದೇ ಬಗೆಯ ವೈರು ಹಾಕಿ, ತಕ್ಕಡಿಯ ಹಾಗೆ ನಟಿಸುವ ಪುಟ್ಟ ಪ್ರೋಗ್ರಾಮೊಂದನ್ನು ಬರೆದೆ. ನಾನು ಬರೆದ ಮೊದಲನೇ ಕೆಲಸಕ್ಕೆ ಬರುವ ಪ್ರೋಗ್ರಾಮು ಅದು. ನಡುನಡುವೆ ಅರಕಲಗೂಡಿನವರೇ ಬಂದು ನನ್ನ ತಪ್ಪು ತಿದ್ದಿಕೊಟ್ಟರು. ಅದಕ್ಕೆ ನಾವು ಕಳ್ಳ ತಕ್ಕಡಿ ಅಂತ ಹೆಸರಿಟ್ಟೆವು. ಅದು ತೂಕದ ಸುದ್ದಿಯನ್ನೇ ಕಳಿಸುತ್ತಿರಲಿಲ್ಲ. ಯಾರೂ ಕೇಳಿರದ, ನಾನೇ ಕಟ್ಟಿದ ಬಗೆಬಗೆಯ ಸುದ್ದಿಗಳನ್ನು ಎಡೆಬಿಡದೆ ಸುರಿಯುತ್ತಿತ್ತು.

ಅದನ್ನು ಬಿಟ್ಟಾಗ ಮೆಮೊರಿಯ ಅಂಕಿ ಏರಿದ ವೇಗ ನೋಡಬೇಕಿತ್ತು. ಡೈರಿಯಲ್ಲಿ ತೆವಳುತ್ತಿದ್ದದ್ದು ಇಲ್ಲಿ ಓಡಿತು. ನಾವು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕಂಪ್ಯೂಟರು ಮಂಕಾಯಿತು. ಆಮೇಲೆ ಮೌಸು ಅಲ್ಲಾಡಲಿಲ್ಲ. ಡೈರಿಯಲ್ಲಿ ಒಂದು ದಿನ ಹಿಡಿಯುತ್ತಿದ್ದ ಸಾವನ್ನು ನಾವು ಆಫೀಸಿನಲ್ಲಿ ಕೂತು, ಬೇಕೆಂದಾಗ ಬರಿಸಬಹುದಾಗಿತ್ತು. ಇದರಲ್ಲಿ ಏನು ಹಿಗ್ಗು ಅಂತ ಕೇಳಿದರೆ ಟೆಸ್ಟಿಂಗ್ ಮಾಡದವರಿಗೆ ಹೇಳುವುದು ಕಷ್ಟ. ಬೇಕೆಂದಾಗ ಬರಿಸಲಾಗದ ತಪ್ಪನ್ನು ಸರಿ ಮಾಡಿದೆವು ಅಂತ ಎದೆ ಮುಟ್ಟಿ ಹೇಳಲಾಗುವುದಿಲ್ಲ. ಈಗ ಹೇಳಬಹುದಿತ್ತು.

"ಐದು ನಿಮಿಷ ಕೊಡಿ" ಅಂದರು ಅರಕಲಗೂಡಿನವರು. ಸುದ್ದಿ ಯಾವುದೇ ಬಗೆಯದಿರಲಿ, ಕ್ಯೂನಿಂದ ಹೊರಬಂದ ಮೇಲೆ ಕೊನೆಯಲ್ಲಿ ಒಂದೇ ಕಡೆ ಅದರ ಜಾಗ ವಾಪಸು ಪಡೆಯುವ ಹಾಗೆ ಒಂದು ಸಾಲು ಸೇರಿಸಿದರು. ಕಳ್ಳ ತಕ್ಕಡಿ ಬಿಟ್ಟೆವು. ಅಂಕಿ ಸುಮ್ಮನೆ ಕೂತಿತ್ತು. ಸುದ್ದಿಗಳು ಸುರಿಯುತ್ತಿವೆ, ಅಂಕಿ ಮಿಸುಕುತ್ತಿಲ್ಲ. ಇಬ್ಬರೂ ಕುರ್ಚಿ ಬಿಟ್ಟು ಎದ್ದು ನಿಂತುಬಿಟ್ಟಿದ್ದೆವು.

"ಸಾರ್, ಬನ್ನಿ" ಅಂತ ಮಾಲೀಕರನ್ನು ಕೂಗಿದೆ.

ಅವರು ಬಂದು ನೋಡಿದರು. "ನಿಜವಾದ ತಕ್ಕಡಿ ಸಿಕ್ಕಿಸಿ ತೋರಿಸಿ" ಅಂದರು. ನಮ್ಮ ಹಳೇ ತಕ್ಕಡಿ ಸಿಕ್ಕಿಸಿ, ನೀರಿನ ಬಿಂದಿಗೆ ಎತ್ತಿ ಅದರ ಮೇಲಿಟ್ಟೆ. ತೂಕ ಬಂತು. ಬಂದ ಮರುಗಳಿಗೆಗೇ ಪ್ರೋಗ್ರಾಮು ಪರದೆಯಿಂದ ಮಾಯವಾಯಿತು. ನಿಲ್ಲಲೂ ಇಲ್ಲ, ನಿಧಾನವಾಗಲೂ ಇಲ್ಲ, ಇಲ್ಲವೇ ಆಗಿಹೋಯಿತು.

"ಮೊದಲು ಸಂಜೆವರೆಗಾದರೂ ನಡೀತಿತ್ತು" ಅಂದರು ಮಾಲೀಕರು. ಕೋಪದಲ್ಲಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು, ತಣ್ಣಗೆ ಹೇಳಿ ಹೋದರು.

ತಪ್ಪು ಎಲ್ಲಿ ಅಂತ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ತೂಕದ ಸುದ್ದಿಯ ಜಾಗವನ್ನು ಅದರ ಕೆಲಸ ಮಾಡುವ ಕಡೆಯೇ ವಾಪಸು ಪಡೆದಾಗಿತ್ತು. ಹೊಸದಾಗಿ ಸೇರಿಸಿದ ಸಾಲು ಅದೇ ಜಾಗವನ್ನು ಎರಡನೇ ಸಲ ವಾಪಸು ಪಡೆಯಲು ಹೋಗಿತ್ತು. ಅಷ್ಟು ಹೊತ್ತಿಗೆ ಅದು ಬೇರೆ ಯಾರಿಗೋ ಕೊಟ್ಟ ಜಾಗ ಆಗಿರಬಹುದು. ವಾಪಸು ಪಡೆಯದಿದ್ದರೆ ಯಂತ್ರ ನಿಧಾನವಾಗಿ ಸಾಯುತ್ತದೆ, ಎರಡು ಸಲ ಪಡೆದರೆ ತಕ್ಷಣ ಸಾಯುತ್ತದೆ.

"ಸರಿ, ಹಾಗಾದ್ರೆ ಸುಲಭ" ಅಂದರು ಅರಕಲಗೂಡಿನವರು. "ಕೊನೇ ಸಾಲು ತೆಗೀತೀನಿ. ಗುರುತಿಲ್ಲದ್ದು ಬಂದಾಗ ಮಾತ್ರ ಅಲ್ಲೇ ಫ್ರೀ ಮಾಡ್ತೀನಿ. ಮುಗೀತು."

ಹಾಗೆ ಮಾಡಿದರು. ಬಿಂದಿಗೆ ಇಟ್ಟೆ, ತೂಕ ಬಂತು, ಪ್ರೋಗ್ರಾಮು ಉಳಿಯಿತು. ಕಳ್ಳ ತಕ್ಕಡಿ ಬಿಟ್ಟೆ, ಅಂಕಿ ಮಿಸುಕಲಿಲ್ಲ. ಅವರು ಬ್ಯಾಗಿಗೆ ಕೈ ಹಾಕಿದರು. ನನಗೆ ಮಾತ್ರ ಮನಸ್ಸು ಒಪ್ಪಲಿಲ್ಲ. ನಾನು ಕಳಿಸುತ್ತಿದ್ದ ಸುದ್ದಿಗಳೆಲ್ಲ ಗಿಡ್ಡವಾಗಿದ್ದವು. ಪುಸ್ತಿಕೆಯಲ್ಲಿ ಓದಿದ್ದೆ, ಹೊಸ ತಕ್ಕಡಿ ಒಮ್ಮೊಮ್ಮೆ ತನ್ನ ಮಾದರಿ, ಬ್ಯಾಟರಿ, ಅದು ಇದು ಅಂತ ಉದ್ದದ ಸುದ್ದಿಯನ್ನೂ ಕಳಿಸುತ್ತದೆ ಅಂತ. ಕಳ್ಳ ತಕ್ಕಡಿಗೆ ಉದ್ದುದ್ದ ಸುದ್ದಿ ಕಲಿಸಿ ಬಿಟ್ಟೆ.

ಅಂಕಿ ಏರಿತು.

"ಬೇಕೂ ಅಂತ ಮಾಡ್ತೀರಾ ನೀವು?" ಅಂದರು ಅವರು.

"ಹೌದು ಕಣ್ರೀ. ಅದಕ್ಕೇ ಇಟ್ಟುಕೊಂಡಿರೋದು ನನ್ನ."

ಅವರಿಗೆ ನಿಜವಾಗಿ ಸಿಟ್ಟು ಬಂದಿತ್ತು. ಎದ್ದು ಕಿಟಕಿಯ ಹತ್ತಿರ ಹೋಗಿ, ಕೆಳಗೆ ಬಸ್ಸುಗಳು ಹಿಂದೆ ಮುಂದೆ ಆಗುವುದನ್ನು ನೋಡುತ್ತಾ ನಿಂತರು. ನಾನು ಅವರು ಬರೆದದ್ದನ್ನು ಮೊದಲಿಂದ ಓದಿದೆ. ಉದ್ದದ ಸುದ್ದಿ ಬಂದಾಗ ಅವರ ಪ್ರೋಗ್ರಾಮು ಎರಡು ತುಂಡು ಜಾಗ ಕೊಡುತ್ತಿತ್ತು. ಒಂದು ಸುದ್ದಿಯ ತಲೆಗೆ, ಇನ್ನೊಂದು ಅದರ ಬಾಲಕ್ಕೆ. ಗುರುತಿಲ್ಲದ ಸುದ್ದಿಗೆ ಬಾಲ ಇದೆಯೋ ಇಲ್ಲವೋ ಅಂತ ಕೊನೆಯಲ್ಲಿ ನೋಡುವ ಆ 'ಬೇರೆ ಏನೇ ಬಂದರೂ' ಸಾಲಿನವನಿಗೆ ಹೇಗೆ ಗೊತ್ತಾಗಬೇಕು? ಅದು ಏನು ಅಂತಲೇ ಅವನಿಗೆ ಗೊತ್ತಿಲ್ಲವಲ್ಲ. ತಲೆಯ ಜಾಗ ಮಾತ್ರ ವಾಪಸು ಪಡೆದು ಬಾಲದ್ದನ್ನು ಹಾಗೇ ಉಳಿಸುತ್ತಿದ್ದ.

ಅವರು ಕಿಟಕಿಯಿಂದ ಒಮ್ಮೆಲೇ ತಿರುಗಿದರು.

"ಕೊನೇಲಿ ನೋಡೋನಿಗೆ ಗೊತ್ತಾಗಲ್ಲ. ಆದ್ರೆ ಜಾಗ ತಂದೋನಿಗೆ ಗೊತ್ತಿರ್ತದೆ."

"ಅಂದ್ರೆ?"

"ವೈರಿಂದ ಓದಿ ಕ್ಯೂಗೆ ಹಾಕೋನು ಇದ್ದಾನಲ್ಲ, ಅವನಿಗೆ ಸುದ್ದಿಯ ಅರ್ಥ ಗೊತ್ತಿಲ್ಲದೆ ಇರಬಹುದು. ಆದ್ರೆ ಒಂದು ತುಂಡು ತಂದನೋ ಎರಡು ತಂದನೋ ಅನ್ನೋದು ಗೊತ್ತಲ್ವಾ? ಇದನ್ನ ಫ್ರೀ ಮಾಡೋದು ಹೇಗೆ ಅಂತ ಅವನೇ ಸುದ್ದಿ ಜೊತೆಗೆ ಕಟ್ಟಿ ಕಳಿಸಲಿ. ಕೊನೇಲಿರೋನು ಅದು ಏನು ಅಂತ ಕೇಳೋದೇ ಬೇಡ. ಕಟ್ಟಿರೋದನ್ನ ನೋಡಿ ಹಂಗೇ ಫ್ರೀ ಮಾಡಿದ್ರಾಯ್ತು. ತೂಕ ಆಗಲಿ ಫ್ಯಾಟಾಗಲಿ ಗುರುತಿಲ್ಲದ್ದಾಗಲಿ, ಎಲ್ಲಾ ಒಂದೇ ಕಡೆ. ಮಧ್ಯದಲ್ಲಿ ಯಾರೂ ಮುಟ್ಟೋ ಹಾಗಿಲ್ಲ."

ಮಾತು ಮುಗಿಸುವ ಮೊದಲೇ ಕುರ್ಚಿಗೆ ಬಂದು ಕೂತಾಗಿತ್ತು. ಅವರು ಬರೆಯುತ್ತಾ ಹೋದರು, ನಾನು ಪಕ್ಕದಲ್ಲಿ ಕೂತು ಮಧ್ಯದಲ್ಲಿ ಎಲ್ಲೆಲ್ಲಿ ಹಳೆಯ ಫ್ರೀ ಉಳಿದಿದೆ ಅಂತ ಹುಡುಕಿ ಹುಡುಕಿ ತೋರಿಸುತ್ತಾ ಹೋದೆ. ಅಷ್ಟು ಖುಷಿಯಿಂದ ನಾನು ಬೇರೆ ಯಾರ ಜೊತೆಯೂ ಕೆಲಸ ಮಾಡಿದ ನೆನಪಿಲ್ಲ. ಅದು ಶುಕ್ರವಾರ. ಸಂಜೆ ಮನೆಗೆ ಹೊರಡುವಾಗ ಕಳ್ಳ ತಕ್ಕಡಿಯನ್ನು ಹಾಗೇ ಸುರಿಯಲು ಬಿಟ್ಟು, ಯಾರೂ ಮುಟ್ಟಬೇಡಿ ಅಂತ ಚೀಟಿ ಅಂಟಿಸಿ ಹೋದೆವು. ಬೆಳಗ್ಗೆ ಬಂದಾಗ ಅಂಕಿ ಬಿಟ್ಟ ಜಾಗದಲ್ಲೇ ಇತ್ತು. ತಕ್ಷಣ ಬಿಂದಿಗೆ ಇಟ್ಟೆ. ತೂಕ ಬಂತು, ಚೀಟಿ ಅಚ್ಚಾಯಿತು. ಮಾಲೀಕರು ಬಂದು, ತಾವೇ ಬಿಂದಿಗೆ ಎತ್ತಿ ಇಳಿಸಿ, ಎತ್ತಿ ಇಳಿಸಿ ನೋಡಿದರು. ಆಮೇಲೆ, "ಇವತ್ತೇ ಹೋಗಿ ಹಾಕಿಬನ್ನಿ, ಇಬ್ಬರೂ" ಅಂದರು.

ಹೊಸ ಪ್ರೋಗ್ರಾಮನ್ನು ಫ್ಲಾಪಿಗೆ ಹಾಕಿಕೊಂಡೆವು. ಫ್ಲಾಪಿಯನ್ನು ನಂಬುವ ಹಾಗಿರಲಿಲ್ಲ, ಅದಕ್ಕೇ ಇನ್ನೊಂದಕ್ಕೂ ಹಾಕಿ, ಧೂಳು ತಾಗದಿರಲಿ ಅಂತ ನನ್ನ ಖಾಲಿ ಟಿಫಿನ್ ಬಾಕ್ಸಿನಲ್ಲಿಟ್ಟೆ. ಬಸ್ಸಿನಲ್ಲಿ ಅವರು ಮುಂದೆ, ನಾನು ಹೆಂಗಸರ ಸೀಟಿನಲ್ಲಿ, ಮಡಿಲಲ್ಲಿ ಡಬ್ಬಿ. ಊರು ಮುಟ್ಟಿದಾಗ ಮಧ್ಯಾಹ್ನ. ಸೆಕ್ರೆಟರಿಯವರು ಬೀಗ ತೆಗೆದರು. ಮೊದಲನೇ ಫ್ಲಾಪಿ ಹಾಕಿದರೆ ಕಂಪ್ಯೂಟರು ಕರ್ ಕರ್ ಅಂತ ಸದ್ದು ಮಾಡಿ ಓದಲಾಗುವುದಿಲ್ಲ ಅಂತ ಹೇಳಿತು. ಅರಕಲಗೂಡಿನವರು ನನ್ನ ಮುಖ ನೋಡಿದರು. ನಾನು ಡಬ್ಬಿಯಿಂದ ಎರಡನೆಯದನ್ನು ತೆಗೆದು ಹಾಕಿದೆ. ಅದೂ ಕರ್ ಕರ್ ಅಂದಿತು. ಆಮೇಲೆ ಓದಿತು.

ಆ ಸಂಜೆ ಹಾಲು ಹಾಕಿ ಮುಗಿಯುವವರೆಗೆ ನಾವು ಅಲ್ಲೇ ಉಳಿದೆವು. ಆದರೆ ಒಂದು ಮಧ್ಯಾಹ್ನದ ಓಟದಿಂದ ಏನೂ ಗೊತ್ತಾಗುವ ಹಾಗಿರಲಿಲ್ಲ. ಸಾಲು ಸರಿಯಾಗಿ ನಡೆದರೂ ಯಾರೂ ನಂಬಲಿಲ್ಲ, ಸೆಕ್ರೆಟರಿಯೂ ನಂಬಲಿಲ್ಲ. "ನಾಳೆ ಬೆಳಗಿಂದ ಉರುದು, ಸಂಜೆ ನಿಲ್ದೆ ಇದ್ರೆ ಆಗ ನೋಡವ. ಮೀಟಿಂಗೂ ಸಂಜೇನೇ" ಅಂದರು. ಅವರು ಹೇಳಿದ್ದು ಸರಿ. ಭಾನುವಾರ ನಾವಿಬ್ಬರೂ ಯಾರೂ ಹೇಳದೆಯೇ ಮತ್ತೆ ಹೋದೆವು.

ಸಂಜೆ ಬಿಸಿಲು ಇಳಿಯುತ್ತಿದ್ದ ಹಾಗೆ ಹೆಂಗಸರು ಬರತೊಡಗಿದರು. ಸ್ಟೀಲ್ ಕ್ಯಾನು, ತಂಬಿಗೆ, ಬಕೆಟ್ಟು. ಮೀಟಿಂಗಿಗೆ ಅಂತ ಹಾಲಿಲ್ಲದವರೂ ಬಂದು ಜಗುಲಿಯ ಮೇಲೆ ಕೂತರು. ಸಾಲಿನ ನಡುವೆ ಒಬ್ಬಾಕೆ ನಿಂತಿದ್ದರು, ಕೈಯಲ್ಲಿ ಎರಡು ಕ್ಯಾನು. ಪೆಟ್ಟಿಗೆ ಬೇಡವೇ ಬೇಡ ಅಂತ ಮೊದಲಿಂದ ಹೇಳುತ್ತಿದ್ದವರು ಆಕೆಯೇ ಅಂತ ಸೆಕ್ರೆಟರಿ ನನ್ನ ಕಿವಿಯಲ್ಲಿ ಹೇಳಿದರು. ದಿನಾ ಅದು ನಿಲ್ಲುತ್ತಿದ್ದದ್ದೂ ಆಕೆಯ ಸರದಿಯ ಆಸುಪಾಸಿನಲ್ಲೇ ಅಂತೆ. ಇದು ಬೇಕೆಂದೇ ಮಾಡಿದ್ದು ಅಂತ ಆಕೆಗೆ ಅನುಮಾನ.

ನಾನು ಮೆಮೊರಿಯ ಕಿಟಕಿ ತೆರೆದಿಟ್ಟು ಮೂಲೆಯಲ್ಲಿ ನಿಂತಿದ್ದೆ. ಬೆಳಗಿನಿಂದ ಉರಿದ ಕಂಪ್ಯೂಟರು. ಅಂಕಿ ಆಫೀಸಿನಲ್ಲಿ ಕಂಡಷ್ಟೇ ಇತ್ತು. ಒಬ್ಬರಾದ ಮೇಲೆ ಒಬ್ಬರು ಹಾಲು ಸುರಿದರು. ಚೀಟಿ ಬರುವಾಗ ಅಂಕಿ ಚೂರು ಏರುವುದು, ಮತ್ತೆ ಇಳಿಯುವುದು. ಆ ಇಳಿಯುವುದನ್ನು ನೋಡಿದಷ್ಟೂ ಸಾಲದು ನನಗೆ. ಅರಕಲಗೂಡಿನವರು ಅಂಕಿ ನೋಡಲಾರದೆ ಹೊರಗೆ ಹೋಗಿ ಚಪ್ಪಲಿಯಿಂದ ಮಣ್ಣು ಕೆದಕುತ್ತಿದ್ದರು.

ಎರಡು ಕ್ಯಾನಿನವರ ಸರದಿ ಬಂತು. ಹಾಲು ಸುರಿದರು. ತೂಕ ಬಂತು. ಸ್ಯಾಂಪಲ್ಲು ಫ್ಯಾಟ್ ಯಂತ್ರಕ್ಕೆ ಹೋಯಿತು, ಅಂಕಿ ಬಂತು. ಪ್ರಿಂಟರು ಟರ್ ಟರ್ ಅಂತ ಚೀಟಿ ಬಿಟ್ಟಿತು. ಆಕೆ ಚೀಟಿ ಹರಿದುಕೊಂಡು ಬೆಳಕಿಗೆ ಹಿಡಿದು ನೋಡಿದರು.

"ಇವತ್ತು ಬಾಯ್ ಬುಡ್ತು ಬಿಡು ನಿನ್ ಪೆಟ್ಗೆ" ಅಂದರು ಸೆಕ್ರೆಟರಿಗೆ.

"ನಿಂತ್ಕೊಬೇಡ, ಹಿಂದಿನೋರಿಗೆ ಜಾಗ ಬುಡು" ಅಂದರು ಸೆಕ್ರೆಟರಿ. ಮುಖ ಮಾತ್ರ ಅರಳಿತ್ತು.

ಸಾಲು ಕೊನೆಯವರೆಗೂ ನಡೆಯಿತು. ಮೀಟಿಂಗಿನಲ್ಲಿ ಬಹಳ ಮಾತಾಯಿತು, ಆದರೆ ಪೆಟ್ಟಿಗೆಯ ವಿಷಯ ಬಂದಾಗ, ಇನ್ನೊಂದು ತಿಂಗಳು ನೋಡೋಣ ಅಂತ ಮುಗಿಸಿಬಿಟ್ಟರು. ಗೆದ್ದೆವು ಅಂತ ಯಾರೂ ಹೇಳಲಿಲ್ಲ. ತಿಂಗಳು ಕಳೆದ ಮೇಲೆ ಯಾರೂ ಆ ಮಾತನ್ನು ಎತ್ತಲೂ ಇಲ್ಲ.

ಅದಾದ ಮೇಲೆ ನಮ್ಮ ಪ್ರೋಗ್ರಾಮು ಚನ್ನರಾಯಪಟ್ಟಣದ ಕಡೆಗೂ ಹೋಯಿತು. ದಂಡಿಗನಹಳ್ಳಿ ಹೋಬಳಿಯ ಒಂದು ಊರಿನಲ್ಲಿ ಬೇರೆಯೇ ಕಂಪನಿಯ ಫ್ಯಾಟ್ ಯಂತ್ರ ಇತ್ತು, ನಾವು ಕಂಡೇ ಇರದ ಮಾದರಿ. ಅಷ್ಟು ಹೊತ್ತಿಗೆ ನಾನು ಒತ್ತಾಯ ಮಾಡಿ, ಗುರುತಿಲ್ಲದ ಸುದ್ದಿ ಎಷ್ಟು ಬಂತು ಅಂತ ಪರದೆಯ ಮೂಲೆಯಲ್ಲಿ ತೋರಿಸುವ ಹಾಗೆ ಮಾಡಿಸಿದ್ದೆ. ಸಿಕ್ಕಿಸಿದ ಕೂಡಲೇ ಆ ಲೆಕ್ಕ ಓಡಲು ಶುರುವಾಯಿತು. ಅದರ ಪಕ್ಕದಲ್ಲಿ ಮೆಮೊರಿ ಮಿಸುಕದೆ ಕೂತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಯಂತ್ರ ಏನು ಹೇಳುತ್ತಿದೆಯೋ ನಮಗೆ ಗೊತ್ತಿರಲಿಲ್ಲ, ಗೊತ್ತಿಲ್ಲದಿದ್ದರೂ ಏನೂ ಆಗಲಿಲ್ಲ. ಅಲ್ಲಿಂದ ವಾಪಸು ಬರುವ ದಾರಿಯುದ್ದಕ್ಕೂ ಅದೇ ಮಾತು.

ಅರಕಲಗೂಡಿನ ಹತ್ತಿರದ ಡೈರಿಗೆ ಹಾಕಲು ಹೋದ ದಿನ ಊಟಕ್ಕೆ ಅವರ ಮನೆಗೆ ಕರೆದುಕೊಂಡು ಹೋದರು. ಅವರ ತಾಯಿ ಅವರೆಕಾಳು ಸಾರು, ಮುದ್ದೆ ಬಡಿಸುತ್ತಾ, "ನೀನೇನು ಕೆಲ್ಸ ಮಾಡೀಯಮ್ಮಿ ಅಲ್ಲಿ?" ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಗ ಹೇಳಿದರು.

"ನಾನು ಮಾಡಿದ್ದನ್ನೆಲ್ಲ ಕೆಡಸ್ತಾರೆ ಕಣವ್ವ ಇವ್ರು. ಕೆಡಿಸಿ ಕೆಡಿಸಿ, ಇನ್ನು ಕೆಡೋದಕ್ಕೇ ಏನೂ ಉಳಿದಿಲ್ಲ ಅನ್ನೋವರ್ಗೂ ಬುಡಲ್ಲ."

ಅದನ್ನು ಅವರು ಹೇಳಿದ ದನಿಯಲ್ಲಿ ದೂರು ಇರಲಿಲ್ಲ. ನನಗೆ ಆ ಕೆಲಸದಲ್ಲಿ ಸಿಕ್ಕಿದ ಅತಿ ದೊಡ್ಡ ಹೊಗಳಿಕೆ ಅದು.

"ಕೆಡ್ಸೋಕೂ ಸಂಬ್ಳ ಕೊಟ್ಟಾರಾ?" ಅಂದರು ತಾಯಿ, ಸೌಟು ಹಿಡಿದ ಕೈ ಹಾಗೇ ನಿಲ್ಲಿಸಿ.

"ಕೊಡ್ತಾರೆ ಕಣಮ್ಮ" ಅಂದೆ.

ಅವರು ಸೌಟು ಕೆಳಗಿಟ್ಟರು. ಆಮೇಲೆ ಒಳಗೆ ಹೋಗಿ, ಇನ್ನೂ ಹೊಸ ಪ್ಲಾಸ್ಟಿಕ್ ವಾಸನೆ ಬರುತ್ತಿದ್ದ ಮಿಕ್ಸಿಯೊಂದನ್ನು ಎರಡು ಕೈಯಲ್ಲೂ ಎತ್ತಿಕೊಂಡು ಬಂದು ನನ್ನ ಎಲೆಯ ಪಕ್ಕದಲ್ಲಿಟ್ಟರು.

"ಮೊನ್ನೆ ತಂದಿದ್ದು. ಯಾಕೋ ಭಯ, ಮುಟ್ಟಿಲ್ಲ. ಉಂಡಾದ್ಮೇಲೆ ಇದನ್ನೂ ಒಸಿ ನೋಡ್ಕೊಡವ್ವ."

ನಾನು ಕೈ ತೊಳೆದುಕೊಂಡು ಬಂದೆ. ಮಗ ಆಗಲೇ ನೆನೆಸಿಟ್ಟ ಉದ್ದಿನಬೇಳೆ ತಂದಿಟ್ಟು, ಜಾರಿನ ಮುಚ್ಚಳ ತೆರೆದು ಹಿಡಿದಿದ್ದರು.